ಮಹಿಳಾ ಇತಿಹಾಸ ಮಾಸ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರತಿವರ್ಷ ಮಾರ್ಚ್ ತಿಂಗಳಿಡೀ ಸ್ತ್ರೀಯರ ಬದುಕು, ದುಡಿಮೆ ಮತ್ತು ಸಾಧನೆಗಳ ಚರಿತ್ರೆಯನ್ನು ಸ್ಮರಿಸುವ ಸಾರ್ವಜನಿಕ ಆಚರಣೆಗೆ ಮಹಿಳಾ ಇತಿಹಾಸ ಮಾಸವೆಂದು ಹೆಸರು. ಈಗ ರಾಷ್ಟ್ರಾಧ್ಯಕ್ಷರ ಘೋಷಣೆಯೊಂದಿಗೆ ಆರಂಭವಾಗುವ ಈ ಆಚರಣೆ ಹುಟ್ಟಿದ್ದು ರಾಜಧಾನಿಯಲ್ಲಲ್ಲ. ಕ್ಯಾಲಿಫೋರ್ನಿಯ ರಾಜ್ಯದ ಸೊನೋಮ ಕೌಂಟಿಯ ಶಾಲೆಗಳಲ್ಲಿ 1978ರಲ್ಲಿ ನಡೆದ ಒಂದು ವಾರದ ಕಾರ್ಯಕ್ರಮದಿಂದ. ಕೌಂಟಿ ಎಂದರೆ ಸ್ಥೂಲವಾಗಿ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ. ಅಲ್ಲಿನ ಶಿಕ್ಷಕಿಯರೂ ಗೃಹಿಣಿಯರೂ ಉದ್ಯೋಗಸ್ಥೆಯರೂ ಸೇರಿ ನಡೆಸಿದ ಪ್ರಯತ್ನವು ಎರಡೇ ವರ್ಷಗಳಲ್ಲಿ ರಾಷ್ಟ್ರಮಟ್ಟದ ಮನ್ನಣೆ ಪಡೆಯಿತು, ಒಂಬತ್ತು ವರ್ಷಗಳಲ್ಲಿ ವಾರವು ತಿಂಗಳಾಗಿ ಬೆಳೆಯಿತು.

ಈ ಆಚರಣೆಯ ಬೆನ್ನೆಲುಬಾದ ಮಾರ್ಚ್ 8ರ ಅಂತಾರಾಷ್ಟ್ರೀಯ ಮಹಿಳಾ ದಿನವು ಕಾರ್ಮಿಕ ಚಳವಳಿಯ ಕೊಡುಗೆ. ಅಮೆರಿಕದ ಸಮಾಜವಾದಿ ಪಕ್ಷವು 1909ರ ಫೆಬ್ರುವರಿ 28ರಂದು ಮಹಿಳಾ ದಿನವನ್ನು ಆಚರಿಸಿತು. ಮರುವರ್ಷ ಕೋಪನ್‌ಹೇಗನ್‌ನಲ್ಲಿ ಸೇರಿದ್ದ ಸಮಾಜವಾದಿ ಮಹಿಳೆಯರ ಸಮ್ಮೇಳನದಲ್ಲಿ ಜರ್ಮನಿಯ ಕ್ಲಾರಾ ಜೆಟ್ಕಿನ್ ಮತ್ತು ಸಂಗಾತಿಗಳು ಅದನ್ನು ಅಂತಾರಾಷ್ಟ್ರೀಯ ಆಚರಣೆಯಾಗಿಸಬೇಕೆಂದು ಸೂಚಿಸಿದರು. 1911ರಲ್ಲಿ ಯುರೋಪಿನ ನಾಲ್ಕು ದೇಶಗಳಲ್ಲಿ ಅದು ನಡೆದದ್ದು ಮಾರ್ಚ್ 19ರಂದು. ಮಾರ್ಚ್ 8 ಎಂಬ ದಿನಾಂಕಕ್ಕೆ ಮಹತ್ವ ತಂದದ್ದು 1917ರಲ್ಲಿ ಪೆಟ್ರೋಗ್ರಾಡಿನ ನೇಯ್ಗೆ ಗಿರಣಿಗಳ ಹೆಂಗಸರು ರೊಟ್ಟಿಗಾಗಿ ಬೀದಿಗಿಳಿದ ಮುಷ್ಕರ. 1857ರಲ್ಲಿ ಅದೇ ದಿನ ನ್ಯೂಯಾರ್ಕಿನ ಗಿರಣಿ ಕೆಲಸಗಾರ್ತಿಯರು ನಡೆಸಿದ ಮೆರವಣಿಗೆಯೇ ಇದರ ಮೂಲವೆಂಬ ಕಥೆ ಇಂದಿಗೂ ಭಾಷಣಗಳಲ್ಲಿ ಕೇಳಿಬರುತ್ತದೆಯಾದರೂ ಸಂಶೋಧಕರು ಅದಕ್ಕೆ ಆಧಾರವಿಲ್ಲವೆಂದು ತೋರಿಸಿದ್ದಾರೆ. ಹೆಣ್ಣುಮಕ್ಕಳ ಚರಿತ್ರೆಯನ್ನು ನೆನೆಯುವ ದಿನಕ್ಕೇ ಇಂಥದೊಂದು ಕಟ್ಟುಕತೆ ಅಂಟಿಕೊಂಡಿರುವುದು, ಆ ಚರಿತ್ರೆಯ ದಾಖಲೆಗಳನ್ನು ಎಷ್ಟು ಅಲಕ್ಷ್ಯದಿಂದ ಕಾಣಲಾಗಿತ್ತು ಎಂಬುದಕ್ಕೆ ಸಾಕ್ಷಿ.

ಒಂದು ಸಮುದಾಯದ ಮರೆತ ಚರಿತ್ರೆಗೆ ವಾರವೊಂದನ್ನು ಮೀಸಲಿಡುವ ಮಾದರಿಯನ್ನು ಮೊದಲು ಹಾಕಿಕೊಟ್ಟವರು ಕರಿಯ ಇತಿಹಾಸಕಾರ ಕಾರ್ಟರ್ ಜಿ. ವುಡ್‌ಸನ್. ಅವರು 1926ರಲ್ಲಿ ಫೆಬ್ರುವರಿಯ ಎರಡನೆಯ ವಾರವನ್ನು ಕರಿಯರ ಚರಿತ್ರೆಯ ಸಪ್ತಾಹವಾಗಿ ಆರಂಭಿಸಿದರು. ಶಾಲೆ, ಚರ್ಚು ಮತ್ತು ಊರ ಸಂಘಗಳ ಮೂಲಕ ಹರಡಿದ ಅದು 1976ರಲ್ಲಿ ತಿಂಗಳ ಆಚರಣೆಯಾಯಿತು. ಸ್ತ್ರೀಯರ ಮಟ್ಟಿಗೆ ಇಂಥ ಯತ್ನಗಳು ಬಹುಕಾಲ ದಾಖಲೆ ಸಂಗ್ರಹಕ್ಕೆ ಸೀಮಿತವಾಗಿದ್ದವು. ಇತಿಹಾಸಕಾರ್ತಿ ಮೇರಿ ಬಿಯರ್ಡ್ 1935ರಲ್ಲಿ ಮಹಿಳೆಯರ ಪತ್ರಾಗಾರವೊಂದನ್ನು, ಎಂದರೆ ಕಾಗದಪತ್ರ, ದಿನಚರಿ ಮುಂತಾದ ಮೂಲ ದಾಖಲೆಗಳ ಭಂಡಾರವನ್ನು, ಕಟ್ಟಲು ಹೊರಟರು. ಹಣವಿಲ್ಲದೆ ಅದು 1940ರಲ್ಲಿ ಮುಚ್ಚಿತು. 1960ರ ದಶಕದ ಕೊನೆಗೆ ಬರ್ಕ್ಲಿ ನಗರದಲ್ಲಿ ಲಾರಾ ಎಕ್ಸ್ ಎಂಬ ಕಾರ್ಯಕರ್ತೆ ತಮ್ಮ ಮನೆಯಲ್ಲೇ ಮಹಿಳಾ ಇತಿಹಾಸದ ಗ್ರಂಥಾಲಯವನ್ನು ತೆರೆದರು, 1969ರ ಮಾರ್ಚ್ 8ರಂದು ಅಲ್ಲಿ ಮೆರವಣಿಗೆಯನ್ನೂ ಸಂಘಟಿಸಿದರು.

ಸೊನೋಮದ ಪ್ರಯತ್ನಕ್ಕೆ ಹತ್ತಿರದ ಕಾರಣ ಶಿಕ್ಷಣ ಕ್ಷೇತ್ರದಲ್ಲಿತ್ತು. ಒಕ್ಕೂಟ ಸರ್ಕಾರದ ಅನುದಾನ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸಿದ 'ಟೈಟಲ್ ನೈನ್' ಕಾಯ್ದೆ 1972ರಲ್ಲಿ ಜಾರಿಗೆ ಬಂದಿತ್ತು. ಪ್ರವೇಶ, ಕ್ರೀಡೆ, ನೇಮಕಾತಿಗಳಿಗೆ ಅದು ಅನ್ವಯಿಸಿತಾದರೂ ಪಠ್ಯಪುಸ್ತಕಗಳನ್ನು ಅದರ ನಿಯಮಾವಳಿಯು ಸ್ಪಷ್ಟವಾಗಿ ಹೊರಗಿರಿಸಿತ್ತು. ಹೀಗಾಗಿ ಬಾಲಕಿಯರು ತರಗತಿಯಲ್ಲಿ ಸಮಾನವಾಗಿ ಕೂರುವ ಹಕ್ಕನ್ನು ಪಡೆದರೂ ಮುಂದೆ ತೆರೆದಿಟ್ಟ ಚರಿತ್ರೆಯ ಪುಸ್ತಕದಲ್ಲಿ ಹೆಂಗಸರು ಅಪರೂಪಕ್ಕೊಮ್ಮೆ ಕಾಣಿಸಿಕೊಳ್ಳುತ್ತಿದ್ದರು. ಕಾನೂನು ಕೈಹಾಕದ ಈ ಕೊರತೆಯನ್ನು ತುಂಬಲು ಸೊನೋಮ ಕೌಂಟಿಯ ಮಹಿಳಾ ಸ್ಥಾನಮಾನ ಆಯೋಗದ ಶಿಕ್ಷಣ ಕಾರ್ಯಪಡೆಯು ಮಾರ್ಚ್ 8 ಸೇರುವಂಥ ವಾರವನ್ನು ಆರಿಸಿ, 1978ರಲ್ಲಿ ಮಹಿಳಾ ಇತಿಹಾಸ ಸಪ್ತಾಹವನ್ನು ಹಮ್ಮಿಕೊಂಡಿತು. ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದ್ದ ಮಾಲಿ ಮರ್ಫಿ ಮ್ಯಾಕ್‌ಗ್ರೆಗರ್ ಇದರ ಮುಂದಾಳುಗಳಲ್ಲಿ ಒಬ್ಬರು.

ಆ ವಾರದ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ಮುಂದೆ ದೇಶದಾದ್ಯಂತ ನಡೆದ ಕಾರ್ಯಕ್ರಮಗಳೆಲ್ಲ ಬಹುಮಟ್ಟಿಗೆ ಇದೇ ಅಚ್ಚಿನವು. ಹತ್ತಾರು ಶಾಲೆಗಳು ಪಾಲ್ಗೊಂಡವು. ಅದೇ ಸೀಮೆಯ ನೂರಕ್ಕೂ ಹೆಚ್ಚು ಮಹಿಳೆಯರು ತರಗತಿಗಳಿಗೆ ಹೋಗಿ ವಿಶೇಷ ಉಪನ್ಯಾಸ, ಪ್ರದರ್ಶನಗಳನ್ನು ನೀಡಿದರು. 'ನಿಜವಾದ ಮಹಿಳೆ' ಎಂಬ ವಿಷಯದ ಪ್ರಬಂಧ ಸ್ಪರ್ಧೆಗೆ ವಿದ್ಯಾರ್ಥಿಗಳಿಂದ ನೂರಾರು ಬರೆಹಗಳು ಬಂದವು. ಕೊನೆಗೆ ಸಾಂಟಾ ರೋಸಾ ಪಟ್ಟಣದ ನಡುಬೀದಿಯಲ್ಲಿ ಮೆರವಣಿಗೆ ಮತ್ತು ಸಮಾರಂಭ ನಡೆದವು. ಖ್ಯಾತನಾಮರನ್ನು ಹೊರಗಿನಿಂದ ಕರೆತಂದು ಮಾಲೆ ಹಾಕುವ ಬದಲು ಊರಿನವರನ್ನೇ ಪಾಠದೊಳಕ್ಕೆ ತಂದದ್ದು ಈ ಯೋಜನೆಯ ಜಾಣ್ಮೆ. ವೆಚ್ಚ ಕಡಿಮೆ, ಅನುಕರಣೆ ಸುಲಭ. ಶಾಲೆಯೊಂದು, ಗ್ರಂಥಾಲಯವೊಂದು, ಉತ್ಸಾಹಿಗಳ ಗುಂಪೊಂದು ಇರುವ ಯಾವ ಊರಿನಲ್ಲಾದರೂ ಇದನ್ನು ನಡೆಸಬಹುದಿತ್ತು.

1979ರಲ್ಲಿ ನ್ಯೂಯಾರ್ಕ್ ರಾಜ್ಯದ ಸಾರಾ ಲಾರೆನ್ಸ್ ಕಾಲೇಜಿನಲ್ಲಿ ಮಹಿಳಾ ಸಂಘಟನೆಗಳ ನಾಯಕಿಯರಿಗಾಗಿ ನಡೆದ ಇತಿಹಾಸ ಶಿಬಿರಕ್ಕೆ ಮ್ಯಾಕ್‌ಗ್ರೆಗರ್ ಅವರಿಗೂ ಆಹ್ವಾನ ಬಂತು. ಶಿಬಿರವನ್ನು ನಡೆಸಿದ ಗೆರ್ಡಾ ಲರ್ನರ್ (1920–2013) ಸ್ತ್ರೀಚರಿತ್ರೆಯನ್ನು ವಿಶ್ವವಿದ್ಯಾಲಯದ ಶಿಸ್ತಾಗಿ ಬೆಳೆಸಿದವರಲ್ಲಿ ಅಗ್ರಗಣ್ಯರು. ವಿಯೆನ್ನಾದ ಯಹೂದಿ ಕುಟುಂಬದಲ್ಲಿ ಹುಟ್ಟಿ, ನಾಜಿಗಳ ಸೆರೆಮನೆ ಕಂಡು, 1939ರಲ್ಲಿ ಅಮೆರಿಕ ಸೇರಿದ ಅವರು ನಡುವಯಸ್ಸಿನಲ್ಲಿ ಕಾಲೇಜು ವ್ಯಾಸಂಗ ಮಾಡಿ, 1972ರಲ್ಲಿ ಸಾರಾ ಲಾರೆನ್ಸ್‌ನಲ್ಲಿ ಸ್ತ್ರೀಚರಿತ್ರೆಯ ಸ್ನಾತಕೋತ್ತರ ತರಗತಿಯನ್ನು ಆರಂಭಿಸಿದ್ದರು. ಸೊನೋಮದ ಸಪ್ತಾಹದ ಸುದ್ದಿ ಕೇಳಿದ ಶಿಬಿರಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಅದನ್ನೇ ನಡೆಸಲು ನಿರ್ಧರಿಸಿದರಲ್ಲದೆ ರಾಷ್ಟ್ರೀಯ ಸಪ್ತಾಹಕ್ಕಾಗಿ ಒತ್ತಾಯಿಸಲೂ ಒಪ್ಪಿದರು. ವಿದ್ವತ್ತು ಮತ್ತು ಊರ ಉತ್ಸವ ಪರಸ್ಪರ ಕೈಹಿಡಿದ ಈ ಘಟ್ಟವೇ ಆಚರಣೆಯ ಚರಿತ್ರೆಯಲ್ಲಿ ನಿರ್ಣಾಯಕ; ಇದಾದ ಮೇಲೆ ನಡೆದದ್ದು ಹೆಚ್ಚಾಗಿ ಅಧಿಕೃತ ಮುದ್ರೆಯ ಕೆಲಸ.

ಆ ಮುದ್ರೆಯ ಕ್ರಮ ಹೀಗಿದೆ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1980ರ ಫೆಬ್ರುವರಿ 28ರಂದು ಸಂದೇಶ ಹೊರಡಿಸಿ ಮಾರ್ಚ್ 2ರಿಂದ 8ರವರೆಗಿನ ವಾರವನ್ನು ರಾಷ್ಟ್ರೀಯ ಮಹಿಳಾ ಇತಿಹಾಸ ಸಪ್ತಾಹವೆಂದು ಸಾರಿದರು. 1981ರಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರತಿನಿಧಿ ಬಾರ್ಬರಾ ಮಿಕುಲ್‌ಸ್ಕಿ ಮತ್ತು ರಿಪಬ್ಲಿಕನ್ ಪಕ್ಷದ ಸೆನೆಟರ್ ಆರಿನ್ ಹ್ಯಾಚ್ ಮಂಡಿಸಿದ ಜಂಟಿ ನಿರ್ಣಯವು, ಎಂದರೆ ಸಂಸತ್ತಿನ ಎರಡೂ ಸದನಗಳು ಒಪ್ಪಿ ಅಧ್ಯಕ್ಷರ ಸಹಿಗೆ ಕಳಿಸುವ ಠರಾವು, 1982ರ ಮಾರ್ಚ್ 7ರಿಂದ ಆರಂಭವಾಗುವ ವಾರವನ್ನು ಗೊತ್ತುಪಡಿಸಿತು. ರಾಜಕೀಯವಾಗಿ ಎರಡು ಧ್ರುವಗಳಂತಿದ್ದ ಇವರಿಬ್ಬರು ಒಂದಾದದ್ದಕ್ಕೆ ವಿಷಯವು ಶಾಲೆ ಮತ್ತು ಗ್ರಂಥಾಲಯಗಳ ಮಟ್ಟದಲ್ಲಿ ನಿರಪಾಯಕಾರಿಯಾಗಿ ತೋರಿದ್ದೂ ಒಂದು ಕಾರಣವಿರಬೇಕು. ಸಮಾನ ಹಕ್ಕುಗಳ ಸಂವಿಧಾನ ತಿದ್ದುಪಡಿಯು 1982ರಲ್ಲಿಯೇ ಸಾಕಷ್ಟು ರಾಜ್ಯಗಳ ಅನುಮೋದನೆ ಸಿಗದೆ ಗಡುವು ಮೀರಿ ಬಿದ್ದುಹೋಯಿತೆಂಬುದನ್ನು ಇಲ್ಲಿ ಜೊತೆಗಿಟ್ಟು ನೋಡಬೇಕು. ವಾರ ಸಾಲದೆಂದು ಕಂಡ ರಾಜ್ಯಗಳು ತಾವಾಗಿಯೇ ಮುಂದುವರಿದು, 1986ರ ವೇಳೆಗೆ 14 ರಾಜ್ಯಗಳು ಇಡೀ ಮಾರ್ಚ್ ತಿಂಗಳನ್ನು ಮಹಿಳಾ ಇತಿಹಾಸ ಮಾಸವೆಂದು ಸಾರಿದ್ದವು. 1987ರಲ್ಲಿ ಸಂಸತ್ತು ಅದನ್ನೇ ರಾಷ್ಟ್ರಕ್ಕೆ ಅನ್ವಯಿಸಿತು. 1995ರಿಂದ ಈಚೆಗೆ ಅಧ್ಯಕ್ಷರು ವರ್ಷವರ್ಷವೂ ಘೋಷಣೆ ಹೊರಡಿಸುವ ರೂಢಿ ನಡೆದುಬಂದಿದೆ.

ಘೋಷಣೆಗಳಿಗೆ ಒಡಲು ತುಂಬಿದ್ದು ಸಾಂಟಾ ರೋಸಾದಲ್ಲಿ 1980ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮಹಿಳಾ ಇತಿಹಾಸ ಯೋಜನೆ ಎಂಬ ಸಂಸ್ಥೆ. ಮ್ಯಾಕ್‌ಗ್ರೆಗರ್, ಮೇರಿ ರುತ್ಸ್‌ಡಾಟರ್, ಮರಿಯಾ ಕ್ವೆವಾಸ್, ಪಾಲಾ ಹ್ಯಾಮೆಟ್ ಮತ್ತು ಬೆಟ್ ಮಾರ್ಗನ್ ಇದರ ಸ್ಥಾಪಕಿಯರು. ಭಿತ್ತಿಪತ್ರ, ಪುಸ್ತಕ ಮತ್ತು ಪಾಠಸಾಮಗ್ರಿಗಳ ಪಟ್ಟಿಯನ್ನು ಅಚ್ಚು ಹಾಕಿಸಿ ಅಂಚೆಯ ಮೂಲಕ ದೇಶದಾದ್ಯಂತ ಹಂಚಿದ ಇದು, ಶಿಕ್ಷಕರಿಗೆ ಕಮ್ಮಟಗಳನ್ನು ನಡೆಸಿತು, ಪ್ರತಿವರ್ಷವೂ ಆಚರಣೆಗೊಂದು ಮುಖ್ಯ ವಿಷಯವನ್ನು ಸೂಚಿಸಿತು. ಮಹಿಳೆಯರ ಮತಾಧಿಕಾರಕ್ಕೆ ಶತಮಾನ ತುಂಬಿದ 2020ರಲ್ಲಿ ಮತದಾನದ ಹೋರಾಟಗಾರ್ತಿಯರೇ ಮುಖ್ಯ ವಿಷಯವಾಗಿದ್ದರು. ಕೋವಿಡ್ ಪಿಡುಗಿನಿಂದ ಕಾರ್ಯಕ್ರಮಗಳು ನಿಂತುಹೋದ್ದರಿಂದ ಅದನ್ನು ಮರುವರ್ಷಕ್ಕೂ ಮುಂದುವರಿಸಲಾಯಿತು.

ಊರುಗಳ ಮಟ್ಟದ ಕಾರ್ಯಕ್ರಮಗಳಲ್ಲಿ ಗ್ರಂಥಾಲಯ ಪ್ರದರ್ಶನ, ಸ್ಥಳೀಯ ಸಾಧಕಿಯರ ಸನ್ಮಾನ, ಚಾರಿತ್ರಿಕ ಸ್ಥಳಗಳ ಪಾದಯಾತ್ರೆ, ವೃದ್ಧೆಯರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳುವ ಮೌಖಿಕ ಇತಿಹಾಸ ಸಂಗ್ರಹ, ನಟಿಯೊಬ್ಬರು ಚಾರಿತ್ರಿಕ ವ್ಯಕ್ತಿಯ ವೇಷ ಧರಿಸಿ ಆಕೆಯಾಗಿಯೇ ಸಭಿಕರ ಪ್ರಶ್ನೆಗಳಿಗೆ ಉತ್ತರಿಸುವ ಏಕವ್ಯಕ್ತಿ ಪ್ರದರ್ಶನ ಮೊದಲಾದ ಪ್ರಕಾರಗಳು ರೂಢಿಯಾಗಿವೆ. ಇಂಥ ಸ್ಥಳೀಯ ಆಸ್ಥೆ ಏನನ್ನು ಉಳಿಸಬಲ್ಲದೆಂಬುದಕ್ಕೆ ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್ ಎಂಬ ಸಣ್ಣ ಊರು ಉದಾಹರಣೆ. 1848ರ ಜುಲೈನಲ್ಲಿ ಅಮೆರಿಕದ ಮೊದಲ ಮಹಿಳಾ ಹಕ್ಕುಗಳ ಸಮಾವೇಶ ನಡೆದ ಅಲ್ಲಿನ ವೆಸ್ಲಿಯನ್ ಪ್ರಾರ್ಥನಾ ಮಂದಿರವು ಮುಂದೆ ನಾಟಕಶಾಲೆಯಾಗಿ, ಚಿತ್ರಮಂದಿರವಾಗಿ, ಮೋಟಾರು ಮಾರಾಟದ ಮಳಿಗೆಯಾಗಿ, ಕೊನೆಗೆ ನಾಣ್ಯ ಹಾಕಿ ಬಟ್ಟೆ ಒಗೆದುಕೊಳ್ಳುವ ಅಂಗಡಿಯಾಗಿ ಮಾರ್ಪಟ್ಟಿತ್ತು. ಊರಿನ ನಾಗರಿಕರು 1969ರಲ್ಲಿ ರಾಷ್ಟ್ರೀಯ ಮಹಿಳಾ ಕೀರ್ತಿಭವನವನ್ನು ಸ್ಥಾಪಿಸಿದರು. 1980ರಲ್ಲಿ ಸಂಸತ್ತು ಆ ಪ್ರದೇಶವನ್ನು ಮಹಿಳಾ ಹಕ್ಕುಗಳ ರಾಷ್ಟ್ರೀಯ ಐತಿಹಾಸಿಕ ಉದ್ಯಾನವನ್ನಾಗಿ ಗೊತ್ತುಪಡಿಸಿದ ಮೇಲೆ ಮಂದಿರದ ಅಳಿದುಳಿದ ಗೋಡೆಗಳಿಗೆ ರಕ್ಷಣೆ ದೊರೆಯಿತು.

ಆಚರಣೆಯ ಬಗೆಗಿನ ಗಂಭೀರ ಆಕ್ಷೇಪವನ್ನು ಅದರ ಪೋಷಕಿಯಾದ ಲರ್ನರ್ ಅವರೇ ಮುಂಚಿತವಾಗಿ ಎತ್ತಿದ್ದರು. 1975ರ ಲೇಖನವೊಂದರಲ್ಲಿ ಅವರು, ಪುರುಷರು ಬರೆದ ಚರಿತ್ರೆಯ ಖಾಲಿ ಜಾಗಗಳಲ್ಲಿ ಕೆಲವು ಅಸಾಮಾನ್ಯ ಸ್ತ್ರೀಯರ ಹೆಸರುಗಳನ್ನು ಸೇರಿಸುವುದನ್ನು 'ಪರಿಹಾರಾತ್ಮಕ ಚರಿತ್ರೆ' ಎಂದೂ, ಆಗಲೇ ಮುಖ್ಯವೆಂದು ಒಪ್ಪಿತವಾದ ಚಳವಳಿಗಳಿಗೆ ಸ್ತ್ರೀಯರು ಏನು ಕೊಟ್ಟರೆಂದು ಲೆಕ್ಕ ಹಾಕುವುದನ್ನು 'ಕೊಡುಗೆಯ ಚರಿತ್ರೆ' ಎಂದೂ ಕರೆದು, ಇವೆರಡೂ ಆರಂಭದ ಮೆಟ್ಟಿಲುಗಳೇ ಹೊರತು ಬಹುಸಂಖ್ಯಾತ ಹೆಂಗಸರ ಬದುಕನ್ನು ತಿಳಿಸಲಾರವೆಂದು ವಾದಿಸಿದರು. ಮಾರ್ಚ್ ತಿಂಗಳ ಭಿತ್ತಿಪತ್ರಗಳನ್ನು ನೋಡಿದವರಿಗೆ ಈ ಮಾತಿನ ಸತ್ಯ ಹೊಳೆಯದಿರದು: ಅದೇ ಹತ್ತಾರು ಮುಖಗಳು ವರ್ಷವರ್ಷವೂ ಮರಳಿ ಬರುತ್ತವೆ. ಜೊತೆಗೆ ಬಿಳಿಯ ಮಧ್ಯಮವರ್ಗದ ಮಹಿಳೆಯರ ಅನುಭವವನ್ನೇ ಎಲ್ಲರ ಅನುಭವವೆಂದು ಬಗೆಯುವ ಪ್ರವೃತ್ತಿಯನ್ನು ಕರಿಯ ವಿದ್ವಾಂಸೆಯರು 1980ರ ದಶಕದ ಆರಂಭದಿಂದಲೇ ಪ್ರಶ್ನಿಸಿದರು.

ಸೊನೋಮಕ್ಕೆ ದೂರವಲ್ಲದ ರಿಚ್‌ಮಂಡ್ ನಗರದಲ್ಲಿ ಈ ಪ್ರಶ್ನೆ ಮೂರ್ತರೂಪ ತಳೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ 747 ಹಡಗುಗಳನ್ನು ಕಟ್ಟಿದ ಅಲ್ಲಿನ ಕೈಸರ್ ಹಡಗುಕಟ್ಟೆಗಳಲ್ಲಿ ಅಸಂಖ್ಯ ಮಹಿಳೆಯರು ಬೆಸುಗೆ ಮುಂತಾದ ಕೆಲಸಗಳಲ್ಲಿ ತೊಡಗಿದ್ದರು. ಅಂಥವರನ್ನು 'ರೋಸಿ ದ ರಿವೆಟರ್' ಎಂಬ ಪ್ರಚಾರದ ಹೆಸರಿನಿಂದ ಕರೆಯುವುದು ವಾಡಿಕೆ. ಅವರ ಸ್ಮರಣೆಗೆ 2000ದಲ್ಲಿ ರಾಷ್ಟ್ರೀಯ ಉದ್ಯಾನವೊಂದು ಮಂಜೂರಾದಾಗ, ಯೋಜನಾ ಸಭೆಗಳಲ್ಲಿ ಕುಳಿತಿದ್ದ ಬೆಟ್ಟಿ ರೀಡ್ ಸೋಸ್ಕಿನ್ ಎಂಬ ಕರಿಯ ಮಹಿಳೆ ತಾನು ರೋಸಿ ಆಗಿರಲಿಲ್ಲವೆಂದು ತಿಳಿಸಿದರು: ಯುದ್ಧಕಾಲದಲ್ಲಿ ಅವರು ಗುಮಾಸ್ತೆಯಾಗಿದ್ದದ್ದು ಕರಿಯರಿಗೆಂದೇ ಬೇರ್ಪಡಿಸಿದ್ದ ಕಾರ್ಮಿಕ ಸಂಘದ ಕಚೇರಿಯಲ್ಲಿ. ಯಾರು ಸಭೆಯಲ್ಲಿ ಇರುತ್ತಾರೋ ಅವರಿಗೆ ತಕ್ಕಂತೆ ಚರಿತ್ರೆಯ ನೆನಪು ರೂಪುಗೊಳ್ಳುತ್ತದೆಂಬ ಅವರ ವಾದದ ಫಲವಾಗಿ ಉದ್ಯಾನದ ನಿರೂಪಣೆಯಲ್ಲಿ ವರ್ಣಭೇದದ ಕಥೆಯೂ ಸೇರಿತು. ಎಂಬತ್ತು ದಾಟಿದ ಮೇಲೆ ಅಲ್ಲಿ ರೇಂಜರ್ ಆಗಿ ಸೇರಿ ಸಂದರ್ಶಕರಿಗೆ ಇದನ್ನೆಲ್ಲ ವಿವರಿಸುತ್ತಿದ್ದ ಸೋಸ್ಕಿನ್ ನೂರು ವರ್ಷದವರಾಗಿದ್ದಾಗ, 2022ರ ಮಾರ್ಚ್ 31ರಂದು ನಿವೃತ್ತರಾದರು. ಭಿತ್ತಿಪತ್ರಗಳಿಂದ ಆಗದ ತಿದ್ದುಪಡಿ ಊರಿನ ಒಬ್ಬ ಹಿರಿಯಳ ಸಾಕ್ಷ್ಯದಿಂದ ಆಯಿತೆಂಬುದು ಗಮನಾರ್ಹ.

ಅಮೆರಿಕದ ಹೊರಗೆ ಬ್ರಿಟನ್ ಮತ್ತು ಆಸ್ಟ್ರೇಲಿಯಗಳಲ್ಲಿಯೂ ಮಾರ್ಚ್ ತಿಂಗಳ ಆಚರಣೆ ಇದೆ. ಕೆನಡಾ ಮಾತ್ರ 1992ರಿಂದ ಅಕ್ಟೋಬರ್ ತಿಂಗಳನ್ನು ಆರಿಸಿಕೊಂಡಿದೆ. ಸ್ತ್ರೀಯರೂ ಕಾನೂನಿನ ದೃಷ್ಟಿಯಲ್ಲಿ 'ವ್ಯಕ್ತಿ'ಗಳೇ ಆದ್ದರಿಂದ ಸೆನೆಟ್ಟಿಗೆ ಅರ್ಹರೆಂದು 1929ರ ಅಕ್ಟೋಬರ್ 18ರಂದು ಬಂದ ತೀರ್ಪಿನ ನೆನಪು ಇದಕ್ಕೆ ಕಾರಣ. 2014ರಿಂದ 'ಆರ್ಟ್ ಪ್ಲಸ್ ಫೆಮಿನಿಸಂ' ಎಂಬ ಹೆಸರಿನಲ್ಲಿ, ಸ್ವಯಂಸೇವಕರು ಒಂದೆಡೆ ಕುಳಿತು ವಿಕಿಪೀಡಿಯದಲ್ಲಿ ಸಾಧಕಿಯರ ಕುರಿತ ಲೇಖನಗಳನ್ನು ಬರೆಯುವ ಕೂಟಗಳು ಮಾರ್ಚ್ ತಿಂಗಳಲ್ಲಿ ಹಲವು ದೇಶಗಳಲ್ಲಿ ನಡೆಯುತ್ತಿವೆ. ಕನ್ನಡ ವಿಕಿಪೀಡಿಯದಲ್ಲಿ 'ಸಂಪಾದನೋತ್ಸವ' ಎಂದು ಕರೆಯುವ ಇಂಥ ಕೂಟಗಳನ್ನು ಮಹಿಳಾ ದಿನದ ಅಂಗವಾಗಿಯೂ ನಡೆಸಲಾಗಿದೆ.

ರಾಷ್ಟ್ರೀಯ ಮಹಿಳಾ ಇತಿಹಾಸ ಯೋಜನೆಯು 2018ರಲ್ಲಿ ತನ್ನ ಹೆಸರನ್ನು ರಾಷ್ಟ್ರೀಯ ಮಹಿಳಾ ಇತಿಹಾಸ ಒಕ್ಕೂಟವೆಂದು ಬದಲಿಸಿಕೊಂಡಿತು. ಅಮೆರಿಕದ ಮಹಿಳೆಯರ ಚರಿತ್ರೆಗಾಗಿ ಸ್ಮಿತ್‌ಸೋನಿಯನ್ ಸಂಸ್ಥೆಯ ಆಶ್ರಯದಲ್ಲಿ ಪ್ರತ್ಯೇಕ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಲು ಸಂಸತ್ತು 2020ರ ಡಿಸೆಂಬರ್‌ನಲ್ಲಿ, ಸೊನೋಮದ ಮೊದಲ ಸಪ್ತಾಹ ಕಳೆದ 42 ವರ್ಷಗಳ ಮೇಲೆ, ಅನುಮತಿ ನೀಡಿತು.