ಊತ ಇಳಿದ ಮೇಲೂ ಉಳಿಯುವ ನೋವು

ಆಟೋಇಮ್ಯೂನ್ ಕಾಯಿಲೆಯನ್ನು ಪಥ್ಯದಿಂದಲೇ ಬುಡಸಮೇತ ಕಿತ್ತುಹಾಕುತ್ತೇವೆ ಎನ್ನುವ ವಿಡಿಯೊ ನಂಬಿ ಮಾತ್ರೆ ಬಿಟ್ಟವರು, ಬೆರಳು ಸೊಟ್ಟಗಾದ ಮೇಲೆ ನಮ್ಮ ಬಳಿ ಬರುತ್ತಾರೆ. ಅವರನ್ನು ಬೈದು ಕಳಿಸುವುದು ಸುಲಭ. ಅತ್ತ ಹೋದದ್ದೇಕೆ ಎಂದು ಕೇಳಿದರೆ ಬರುವ ಉತ್ತರ ಮಾತ್ರ ನಮ್ಮನ್ನೇ ಮುಟ್ಟುವಂಥದ್ದು: ‘ರಿಪೋರ್ಟ್ ನಾರ್ಮಲ್ ಅಂದ್ರಿ ಡಾಕ್ಟ್ರೇ, ನೋವು ಹೋಗ್ಲಿಲ್ವಲ್ಲ.’ ಈ ಮಾತನ್ನು ಎದುರಿಗಿಟ್ಟುಕೊಂಡೇ, ಇಂಥ ಕಾಯಿಲೆಗಳಲ್ಲೊಂದಾದ ರುಮಟಾಯ್ಡ್ ಸಂಧಿವಾತದ ಚಿಕಿತ್ಸೆ ಬೆಳೆದ ಬಗೆಯನ್ನು ನೋಡಬೇಕು.

ಆಯುರ್ವೇದದ ಮಾಧವ ನಿದಾನದಲ್ಲಿ ಈ ರೋಗವನ್ನು ಹೋಲುವ ಆಮವಾತದ ವಿವರಣೆಯಿದೆ. ಈಗಿನ ಹೆಸರು ಕೊಟ್ಟವರು ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್, 1859ರಲ್ಲಿ. 1929ರಲ್ಲಿ ಫ್ರಾನ್ಸಿನ ಜಾಕ್ ಫಾರೆಸ್ಟಿಯೆ ಚಿನ್ನದ ಲವಣದ ಚುಚ್ಚುಮದ್ದು ಬಳಕೆಗೆ ತಂದರು. 1948ರಲ್ಲಿ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಕಾರ್ಟಿಸೋನ್ ಕೊಟ್ಟಾಗ, ಏಳಲಾರದೆ ಮಲಗಿದ್ದ ರೋಗಿ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದಳು. ಎರಡೇ ವರ್ಷಕ್ಕೆ ನೊಬೆಲ್ ಬಂತು. ಅಡ್ಡಪರಿಣಾಮಗಳು ಕಾಣಿಸಿಕೊಳ್ಳಲೂ ಬಹಳ ಕಾಲ ಬೇಕಾಗಲಿಲ್ಲ.

ಆ ಬೆರಗಿನ ನೆರಳಲ್ಲಿ ಇನ್ನೊಂದು ಔಷಧಿ ಮೂಲೆಗೆ ಬಿತ್ತು. ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಕ್ಯಾನ್ಸರಿಗೆಂದು ರೂಪಿಸಿದ ಅಮಿನೊಪ್ಟೆರಿನ್, ಸಂಧಿವಾತದಲ್ಲೂ ಕೆಲಸ ಮಾಡುತ್ತದೆಂದು 1951ರಲ್ಲೇ ವರದಿಯಾಗಿತ್ತು. ಅದರ ಸೋದರ ಔಷಧಿ ಮೆಥೊಟ್ರೆಕ್ಸೇಟ್‌ಗೆ ಅಮೆರಿಕದಲ್ಲಿ ಈ ರೋಗಕ್ಕೆ ಅನುಮತಿ ಸಿಕ್ಕಿದ್ದು 1988ರಲ್ಲಿ. ನಡುವಿನ ಮೂರೂವರೆ ದಶಕಕ್ಕೂ ಹೆಚ್ಚು ಕಾಲದಲ್ಲಿ ಎಷ್ಟು ಕೈಗಳು ಹಾಳಾದವೋ!

ನಮ್ಮ ತಲೆಮಾರು ಕಲಿತದ್ದು ಈ ಮಾತ್ರೆಯ ಜೊತೆಗೇ. ಕೀಲು ಸವೆಯುವ ಮುಂಚೆ, ಮೊದಲ ತಿಂಗಳುಗಳಲ್ಲೇ ಶುರುಮಾಡಬೇಕು ಎಂಬ ಪಾಠ ಗಟ್ಟಿಯಾಗಿದ್ದೂ ಆಗಲೇ. ವಾರಕ್ಕೆ ಒಂದೇ ದಿನ. ತಪ್ಪಿ ದಿನವೂ ನುಂಗಿದರೆ ಅಸ್ಥಿಮಜ್ಜೆ ಸೋತು ಪ್ರಾಣಕ್ಕೇ ಕುತ್ತು. ಅದಕ್ಕೇ ಚೀಟಿಯ ಮೇಲೆ ‘ಭಾನುವಾರ ಮಾತ್ರ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಕೆಳಗೆ ಗೆರೆ ಎಳೆದು, ಜೊತೆಗೆ ಬಂದವರ ಬಾಯಲ್ಲೂ ಹೇಳಿಸುತ್ತೇವೆ. ಆ ಹಳದಿ ಮಾತ್ರೆಯನ್ನು ಕಂಡರೇ ಹೊಟ್ಟೆ ತೊಳಸುತ್ತದೆ ಎನ್ನುವವರಿದ್ದಾರೆ. ಅದು ನೆಪವಲ್ಲ, ಎಷ್ಟೋ ಜನರಲ್ಲಿ ಕಾಣುವ ತೊಂದರೆ. ಆದರೂ ಇಷ್ಟು ಅಗ್ಗದಲ್ಲಿ ಇಷ್ಟು ಕೀಲುಗಳನ್ನು ಉಳಿಸಿದ ಮತ್ತೊಂದು ಔಷಧಿಯನ್ನು ನಾನು ಕಂಡಿಲ್ಲ.

1992ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಫೆಲ್ಡ್‌ಮನ್ ಮತ್ತು ಮೈನಿ, ಟಿಎನ್‌ಎಫ್ ಎಂಬ ಒಂದೇ ಅಣುವನ್ನು ತಡೆದು ಊತ ಇಳಿಸಿ ತೋರಿಸಿದರು. ಬಯೊಲಾಜಿಕ್ ಚುಚ್ಚುಮದ್ದುಗಳ ಕಾಲ ಶುರುವಾದದ್ದು ಹೀಗೆ. ಅಡಗಿದ್ದ ಕ್ಷಯ ಇವುಗಳಿಂದ ಕೆರಳಬಹುದೆಂದು 2001ರಲ್ಲಿ ಸ್ಪಷ್ಟವಾಯಿತು. ಕ್ಷಯ ಮನೆಮಾತಾಗಿರುವ ನಮ್ಮಲ್ಲಿ ಎದೆಯ ಎಕ್ಸ್‌ರೇ ನೋಡದೆ ಇವನ್ನು ಮುಟ್ಟುವಂತಿಲ್ಲ. 2014ರಲ್ಲಿ ಅಡಾಲಿಮುಮ್ಯಾಬ್ ಎಂಬ ಇಂಥ ಚುಚ್ಚುಮದ್ದಿನ ಪ್ರತಿರೂಪ (ಬಯೊಸಿಮಿಲರ್) ಭಾರತದಲ್ಲೇ ತಯಾರಾಗಿ ಬೆಲೆ ಇಳಿಯಿತು. ಆದರೂ ತಿಂಗಳ ಸಂಬಳದವರಿಗೆ ಅದು ಹೊರೆಯೇ.

ಇಷ್ಟೂ ಊತದ ಕಥೆ. ನೋವಿನ ವಿಜ್ಞಾನ ಬೇರೆಯೇ ದಾರಿಯಲ್ಲಿ ಬೆಳೆಯಿತು. ಬೆನ್ನುಹುರಿ ನೋವಿನ ಸಂಕೇತಗಳನ್ನು ಹೆಚ್ಚುಕಡಿಮೆ ಮಾಡಬಲ್ಲದೆಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲೇ ವಾದಿಸಿದ್ದರು. ಕೀಲು ತಣ್ಣಗಾದ ಮೇಲೂ ನರಮಂಡಲ ಕೆರಳಿಯೇ ಇರಬಹುದು. ಅಂಥ ನೋವಿಗೆ 2017ರಲ್ಲಿ ಪ್ರತ್ಯೇಕ ವರ್ಗವೇ ಬಂತು. 2006ರ ಚಿಕೂನ್‌ಗುನ್ಯಾ ಹಾವಳಿಯಲ್ಲಿ ಜ್ವರ ಬಿಟ್ಟು ತಿಂಗಳುಗಳಾದರೂ ಕೈಕಾಲು ಹಿಡಿದುಕೊಂಡೇ ಇದ್ದವರನ್ನು ಕರ್ನಾಟಕ ಕಣ್ಣಾರೆ ಕಂಡಿದೆ. ಆದರೂ ‘ಎಲ್ಲ ಮನಸ್ಸಿನದು’ ಎಂದು ಹೇಳುವ ವೈದ್ಯರು ಇಂದಿಗೂ ಇದ್ದಾರೆ. ಇದು ಅಜ್ಞಾನ ಮಾತ್ರವಲ್ಲ, ಅನ್ಯಾಯ ಕೂಡ.

ನಮ್ಮ ಅಳತೆಗೋಲಿನಲ್ಲೂ ದೋಷವಿದೆ. ರೋಗದ ತೀವ್ರತೆ ಅಳೆಯಲು ಹೆಚ್ಚು ಬಳಕೆಯಲ್ಲಿರುವ ಡಿಎಎಸ್28 ಎಣಿಸುವ 28 ಕೀಲುಗಳಲ್ಲಿ ಪಾದದ ಒಂದೂ ಇಲ್ಲ. ಬೆಳಿಗ್ಗೆ ಹಾಸಿಗೆಯಿಂದಿಳಿದು ನೆಲಕ್ಕೆ ಕಾಲೂರಲಾರದವಳ ಅಂಕವೂ ‘ರೋಗ ಹತೋಟಿಯಲ್ಲಿದೆ’ ಎಂದು ತೋರಬಹುದು. ಸುಸ್ತಿನ ಮಾತು ಇನ್ನೂ ತಡವಾಗಿ ಬಂತು. ಓಮೆರಾಕ್ಟ್ ಎಂಬ ಅಂತರರಾಷ್ಟ್ರೀಯ ಸಮಾವೇಶ 2002ರಲ್ಲಿ ರೋಗಿಗಳನ್ನೂ ಚರ್ಚೆಗೆ ಕೂರಿಸಿಕೊಂಡಾಗ, ವೈದ್ಯರು ಲೆಕ್ಕಕ್ಕೇ ಇಟ್ಟಿರದ ಸುಸ್ತನ್ನು ಮುಂದಿಟ್ಟವರು ಅವರೇ.

ಕಾನೂನಿನಲ್ಲೂ ಇದೇ ಕೊರತೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ, ರುಮಟಾಯ್ಡ್ ಸಂಧಿವಾತದ ಹೆಸರಿಲ್ಲ. ಕೀಲು ವಿಕಾರಗೊಂಡರೆ ಚಲನವೈಕಲ್ಯದಡಿ ಪ್ರಮಾಣಪತ್ರ ಸಿಗಬಹುದು. ಸಕಾಲಕ್ಕೆ ಮಾತ್ರೆ ನುಂಗಿ ಕೀಲು ಉಳಿಸಿಕೊಂಡು, ನೋವು ಸುಸ್ತುಗಳೊಡನೆ ಬದುಕುವವರಿಗೆ ತೋರಿಸಲು ಕಾಗದವೇ ಇಲ್ಲ. ಬೆಳಗಿನ ಬಿಗಿತ ಸಡಿಲವಾಗಲು ಒಂದು ತಾಸು ಬೇಕಾದ ಗಾರ್ಮೆಂಟ್ಸ್ ಕೆಲಸಗಾರ್ತಿ ತಡವಾದ ಪಾಳಿ ಕೇಳುವುದಾದರೂ ಯಾವ ಆಧಾರದ ಮೇಲೆ? ಆ ಆಧಾರಕ್ಕೆ ಮೊದಲ ಹೆಜ್ಜೆಯಾಗಿ, ಬೆಳಗಿನ ಬಿಗಿತ ಎಷ್ಟು ಹೊತ್ತು, ಪಾದ ಹೇಗಿದೆ, ಸುಸ್ತು ಎಷ್ಟು ಎಂಬುದನ್ನು ಪ್ರತಿ ಭೇಟಿಯಲ್ಲೂ ಕೇಸ್ ಶೀಟಿನಲ್ಲಿ ಬರೆಯಲು ನಮಗೆ ಯಾವ ಕಾಯ್ದೆಯ ತಿದ್ದುಪಡಿಯೂ ಬೇಕಿಲ್ಲ.