ಗೋಥಿಕ್ ಕೋಟೆಯ ಸೆರೆಯಾಳು

ಗೋಥಿಕ್ ಕೋಟೆಯ ಸೆರೆಯಾಳು: ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಗೋಥಿಕ್ ಕಾದಂಬರಿಯ ಪ್ರಧಾನ ಆಶಯಗಳಲ್ಲಿ ಒಂದು. ದಿಕ್ಕಿಲ್ಲದವರೊಬ್ಬರು, ಹೆಚ್ಚಾಗಿ ಹೆತ್ತವರ ಆಸರೆಯಿಲ್ಲದ ಯುವತಿ, ಹಳೆಯ ಕೋಟೆಯಲ್ಲಿ ಅದರ ಒಡೆಯನ ಕೈಗೆ ಸಿಕ್ಕಿಬೀಳುವುದು, ನೆಲಮಾಳಿಗೆ, ಸುರುಳಿ ಮೆಟ್ಟಿಲು, ಸುರಂಗ, ಕಳ್ಳಬಾಗಿಲುಗಳ ನಡುವೆ ಹೊರದಾರಿ ಹುಡುಕುವುದು ಇದರ ಸ್ಥೂಲ ರೂಪ. 1764ರ 'ಒಟ್ರಾಂಟೊ ಕೋಟೆ'ಯಿಂದ 1897ರ 'ಡ್ರಾಕುಲಾ'ವರೆಗೆ ಈ ಆಶಯ ಹಲವು ವೇಷ ತೊಟ್ಟಿತು. ಮುಂದೆ ಚಲನಚಿತ್ರಕ್ಕೂ ಬಂತು. ಈ ಕಥೆಗಳ ದೆವ್ವಗಳು ಓದುಗರಿಗೆ ಮರೆತುಹೋಗಬಹುದು, ಹೊರಗಿನಿಂದ ಚಿಲಕ ಹಾಕಿದ ಬಾಗಿಲು ಮರೆಯುವುದಿಲ್ಲ. ಬೀಗದ ಕೈ ಯಾರ ಹತ್ತಿರ ಇದೆ ಎಂಬ ಪ್ರಶ್ನೆ ಈ ಪರಂಪರೆಯುದ್ದಕ್ಕೂ ಮತ್ತೆ ಮತ್ತೆ ಏಳುತ್ತದೆ.

ಹೆಸರು ಮತ್ತು ಹಿನ್ನೆಲೆ

ರೋಮ್ ಸಾಮ್ರಾಜ್ಯದ ಮೇಲೆ ದಂಡೆತ್ತಿ ಬಂದ ಗೋಥ್ ಜನಾಂಗದ ಹೆಸರಿನಿಂದ ಗೋಥಿಕ್ ಎಂಬ ಪದ ಬಂದಿದೆ. ಮಧ್ಯಯುಗದ ಯೂರೋಪಿನ ವಾಸ್ತುಶೈಲಿಯನ್ನು ಒರಟು, ಅನಾಗರಿಕ ಎಂದು ಹಳಿಯಲು ಪುನರುಜ್ಜೀವನ ಕಾಲದ ಇಟಲಿಯ ಲೇಖಕರು ಈ ಪದವನ್ನು ಬಳಸಿದರು. ಚೂಪುಕಮಾನು, ಎತ್ತರದ ಗೋಪುರ, ಬಣ್ಣದ ಗಾಜಿನ ಕಿಟಕಿಗಳು ಈ ಶೈಲಿಯ ಗುರುತು. ಇಪ್ಪತ್ತನೆಯ ಶತಮಾನದಲ್ಲಿ ಇದೇ ಮಾದರಿಯಲ್ಲಿ ಕಟ್ಟಿದ ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನು ನೋಡಿದವರಿಗೆ ಇದರ ಪರಿಚಯವಿರುತ್ತದೆ. ಅಲ್ಲಿನ ಬಲಿಪೀಠದ ಕೆಳಗಿನ ನೆಲಮಾಳಿಗೆಗೆ ಇಳಿದಾಗ ಮೇಲಿನ ಬೆಳಕಿಗೂ ಕೆಳಗಿನ ಇಕ್ಕಟ್ಟಿಗೂ ಇರುವ ಅಂತರ ಮೈಗೆ ತಟ್ಟುತ್ತದೆ. ಗೋಥಿಕ್ ಕಾದಂಬರಿ ಬೆಳೆದದ್ದು ಈ ಅಂತರದ ಮೇಲೆಯೇ.

ಆರಂಭ: ಒಟ್ರಾಂಟೊ

ಬ್ರಿಟನ್ನಿನ ಮೊದಲ ಪ್ರಧಾನಿ ಎನಿಸಿದ ರಾಬರ್ಟ್ ವಾಲ್ಪೋಲನ ಮಗ ಹೊರೇಸ್ ವಾಲ್ಪೋಲ್ ಲಂಡನ್ ಬಳಿಯ ಟ್ವಿಕನ್‌ಹ್ಯಾಮ್‌ನಲ್ಲಿ ಸ್ಟ್ರಾಬೆರಿ ಹಿಲ್ ಎಂಬ ಮನೆಯನ್ನು ಕೊಂಡು, ವರ್ಷಗಟ್ಟಲೆ ಶ್ರಮಪಟ್ಟು ಅದನ್ನು ಗೋಥಿಕ್ ಕೋಟೆಯಂತೆ ಮಾರ್ಪಡಿಸಿದ. 1764ರ ಜೂನ್‌ನಲ್ಲಿ ಆತನಿಗೆ ಬಿದ್ದ ಕನಸಿನಲ್ಲಿ ಹಳೆಯ ಕೋಟೆಯೊಂದರ ಮೆಟ್ಟಿಲಿನ ಮೇಲ್ತುದಿಯ ಕಟಕಟೆಯ ಮೇಲೆ ಉಕ್ಕಿನ ಕವಚ ತೊಟ್ಟ ದೈತ್ಯಗಾತ್ರದ ಕೈ ಕಂಡಿತು. ಆ ಸಂಜೆಯೇ ಬರೆಯಲು ಕೂತ ವಾಲ್ಪೋಲ್ ಎರಡು ತಿಂಗಳೊಳಗೆ 'ಒಟ್ರಾಂಟೊ ಕೋಟೆ'ಯನ್ನು ಮುಗಿಸಿದ. ಅದು ಡಿಸೆಂಬರಿನಲ್ಲಿ ಪ್ರಕಟವಾದಾಗ ಹಳೆಯ ಇಟಾಲಿಯನ್ ಗ್ರಂಥವೊಂದರ ಅನುವಾದ ಎಂಬ ಸೋಗು ಹಾಕಿತ್ತು. 1765ರ ಎರಡನೆಯ ಮುದ್ರಣದಲ್ಲಿ ವಾಲ್ಪೋಲ್ ಕರ್ತೃತ್ವವನ್ನು ಒಪ್ಪಿಕೊಂಡು ಕೃತಿಯನ್ನು 'ಗೋಥಿಕ್ ಕಥೆ' ಎಂದು ಕರೆದ.

ಕಥೆಯಲ್ಲಿ, ಮದುವೆಯ ದಿನ ಆಕಾಶದಿಂದ ಬಿದ್ದ ಭಾರಿ ಶಿರಸ್ತ್ರಾಣದಡಿ ರಾಜಕುಮಾರ ಸಾಯುತ್ತಾನೆ. ಅವನ ತಂದೆ ಮ್ಯಾನ್‌ಫ್ರೆಡ್ ಮಗನಿಗೆಂದು ತಂದ ಹುಡುಗಿ ಇಸಬೆಲ್ಲಾಳನ್ನು ತಾನೇ ಮದುವೆಯಾಗಲು ಹೊರಡುತ್ತಾನೆ. ಅವಳು ದೀಪ ಹಿಡಿದು ಕೋಟೆಯಡಿಯ ದಾರಿಗೆ ಇಳಿಯುತ್ತಾಳೆ. ಅದು ಹತ್ತಿರದ ಸಂತ ನಿಕೊಲಾಸನ ಚರ್ಚನ್ನು ಮುಟ್ಟುತ್ತದೆಂದು ಅವಳಿಗೆ ಗೊತ್ತು. ಗಾಳಿ ಬೀಸಿ ದೀಪ ಆರುತ್ತದೆ. ಕತ್ತಲಲ್ಲಿ ಎದುರಾದ ಅಪರಿಚಿತ ತರುಣನ ನೆರವಿನಿಂದ ಕಳ್ಳಬಾಗಿಲನ್ನು ತಡಕಾಡುತ್ತಾಳೆ. ಕೊನೆಗೆ ತೂರಿಬಂದ ಬೆಳದಿಂಗಳ ಎಳೆಯೊಂದು ಬೀಗದ ಮೇಲೆ ಬೀಳುತ್ತದೆ. ಅದರ ಗುಟ್ಟು ಬಲ್ಲ ಇಸಬೆಲ್ಲಾ ತೆರೆದು ಕೆಳಗಿಳಿದು ಪಾರಾಗುತ್ತಾಳೆ. ಈ ಕೆಲವು ಪುಟಗಳಲ್ಲಿ ಮುಂದಿನ ನೂರೈವತ್ತು ವರ್ಷಗಳ ಸಾಮಗ್ರಿಯೆಲ್ಲ ಸಿದ್ಧವಾಯಿತು. ಗಮನಿಸಬೇಕಾದದ್ದು, ಇಲ್ಲಿ ಸೆರೆಯಾಳನ್ನು ಕಾಪಾಡುವುದು ಅವಳದೇ ತಿಳಿವಳಿಕೆ.

ಆನ್ ರ‍್ಯಾಡ್‌ಕ್ಲಿಫ್

ಈ ಆಶಯಕ್ಕೆ ಪೂರ್ಣರೂಪ ಕೊಟ್ಟವಳು ಆನ್ ರ‍್ಯಾಡ್‌ಕ್ಲಿಫ್ (1764–1823). 1790ರ 'ಸಿಸಿಲಿಯ ರಮ್ಯಕಥೆ'ಯಲ್ಲಿ ಕೋಟೆಯ ಪಾಳುಬಿದ್ದ ಭಾಗದಿಂದ ರಾತ್ರಿ ಕೇಳುವ ಸದ್ದನ್ನು ಎಲ್ಲರೂ ದೆವ್ವದ್ದೆಂದು ನಂಬಿರುತ್ತಾರೆ. ಅಲ್ಲಿರುವುದು ಗಂಡನೇ ವರ್ಷಗಟ್ಟಲೆ ಕೂಡಿಹಾಕಿದ ಹೆಂಡತಿ ಎಂದು ಕೊನೆಗೆ ಅವಳ ಮಗಳೇ ಕಂಡುಕೊಳ್ಳುತ್ತಾಳೆ.

1794ರಲ್ಲಿ ನಾಲ್ಕು ಸಂಪುಟಗಳಲ್ಲಿ ಬಂದ 'ಉಡಾಲ್ಫೊ ರಹಸ್ಯಗಳು' ಕೃತಿಗೆ ಪ್ರಕಾಶಕರು 500 ಪೌಂಡ್ ಕೊಟ್ಟರು. ಆ ಕಾಲಕ್ಕೆ ಅದು ಬೆರಗಿನ ಸಂಭಾವನೆ. ಕಥೆ 1584ರಲ್ಲಿ ಶುರುವಾಗುತ್ತದೆ. ತಬ್ಬಲಿ ಎಮಿಲಿಯನ್ನು ಅವಳ ಸೋದರತ್ತೆಯ ಗಂಡ ಮಾಂಟೋನಿ ಇಟಲಿಯ ಆಪೆನೈನ್ ಬೆಟ್ಟಗಳ ಕೋಟೆಗೆ ಒಯ್ಯುತ್ತಾನೆ. ಅವಳಿಗೆ ಕೊಟ್ಟ ಕೋಣೆಗೆ ಎರಡು ಬಾಗಿಲು. ಒಂದು ಬಾಗಿಲಾಚೆ ಕಡಿದಾದ ಕತ್ತಲ ಮೆಟ್ಟಿಲು; ಅದರ ಚಿಲಕಗಳು ಹೊರಗಡೆಗಿವೆ, ಒಳಗೆ ಒಂದೂ ಇಲ್ಲ. ಎಮಿಲಿ ಭಾರವಾದ ಕುರ್ಚಿಯೊಂದನ್ನು ಬಾಗಿಲಿಗೆ ಒತ್ತಿಟ್ಟು ಮಲಗುತ್ತಾಳೆ. ಬೆಳಗ್ಗೆ ನೋಡಿದರೆ ರಾತ್ರಿ ಯಾರೋ ಹೊರಗಿನಿಂದ ಚಿಲಕ ಜಡಿದಿದ್ದಾರೆ. ಯಾರೂ ಒಳಗೆ ಬರಲಿಲ್ಲ, ಏನೂ ನಡೆಯಲಿಲ್ಲ. ಓದುಗರ ಎದೆ ಮಾತ್ರ ಇಂದಿಗೂ ನಡುಗುತ್ತದೆ.

ಮಾಂಟೋನಿಗೆ ಬೇಕಾದದ್ದು ಆಸ್ತಿಪತ್ರದ ಮೇಲೆ ಸಹಿ. ಆಸ್ತಿ ಬಿಟ್ಟುಕೊಡಲು ಒಪ್ಪದ ಹೆಂಡತಿಯನ್ನು, ಅಂದರೆ ಎಮಿಲಿಯ ಸೋದರತ್ತೆಯನ್ನು, ಬುರುಜಿನಲ್ಲಿ ಕೂಡಿಹಾಕುತ್ತಾನೆ. ಅವಳು ಅಲ್ಲೇ ಕಾಯಿಲೆಯಿಂದ ಸಾಯುತ್ತಾಳೆ. ಆಸ್ತಿ ಎಮಿಲಿಗೆ ಬಂದಾಗ ಒತ್ತಡ ಅವಳ ಮೇಲೆ ತಿರುಗುತ್ತದೆ. ಕೊನೆಗೆ ಕೆಲವರು ನಂಬಿಗಸ್ತರೊಡನೆ ಆಕೆ ಕೋಟೆಯ ಹೆಬ್ಬಾಗಿಲಿನಿಂದಲೇ ನುಸುಳಿ ಪಾರಾಗುತ್ತಾಳೆ. ಕೋಟೆಯಲ್ಲಿ ಎಮಿಲಿ ಕಂಡಿದ್ದ, ಕಪ್ಪು ಪರದೆಯ ಹಿಂದಿನ ಭೀಕರ ಹೆಣ ಮೇಣದ ಬೊಂಬೆ ಎಂಬುದು ತೀರ ಕೊನೆಯಲ್ಲಿ ಬಯಲಾಗುತ್ತದೆ. ಅಲೌಕಿಕಕ್ಕೆಲ್ಲ ಹೀಗೆ ಲೌಕಿಕ ವಿವರಣೆ ಕೊಡುವುದು ರ‍್ಯಾಡ್‌ಕ್ಲಿಫ್‌ಳ ಕ್ರಮ. ದೆವ್ವಗಳೆಲ್ಲ ಸುಳ್ಳಾದ ಮೇಲೂ ಮಾಂಟೋನಿ ಮತ್ತು ಅವನ ದಸ್ತಾವೇಜುಗಳು ನಿಜವಾಗಿಯೇ ಉಳಿಯುತ್ತವೆ.

ಕಾನೂನಿನ ಕೋಟೆ

ಆ ದಸ್ತಾವೇಜುಗಳ ಹಿಂದೆ ಇದ್ದದ್ದು ಅಂದಿನ ಇಂಗ್ಲೆಂಡಿನ ಕಾನೂನು. ವಿಲಿಯಂ ಬ್ಲ್ಯಾಕ್‌ಸ್ಟೋನ್ 1765–69ರಲ್ಲಿ ಪ್ರಕಟಿಸಿದ ವ್ಯಾಖ್ಯಾನದ ಪ್ರಕಾರ ಮದುವೆಯಾದ ಹೆಣ್ಣಿನ ಕಾನೂನುಬದ್ಧ ಅಸ್ತಿತ್ವ ಗಂಡನದರಲ್ಲಿ ಲೀನವಾಗುತ್ತಿತ್ತು. ಹೆಂಡತಿಯ ಸ್ವಾತಂತ್ರ್ಯವನ್ನು ಕೆಲವು ಸಂದರ್ಭಗಳಲ್ಲಿ ನಿರ್ಬಂಧಿಸಲು ಗಂಡನಿಗೆ ಅವಕಾಶವಿತ್ತು. ಇಂಗ್ಲಿಷ್ ಕಾನೂನನ್ನು ಹಳೆಯ ಗೋಥಿಕ್ ಕೋಟೆಗೆ ಹೋಲಿಸಿದವನೂ ಬ್ಲ್ಯಾಕ್‌ಸ್ಟೋನನೇ. ಆತನಿಗೆ ಅದು ಅಭಿಮಾನದ ಹೋಲಿಕೆ. ಅದೇ ಕೋಟೆಯೊಳಗಿಂದ ಬರೆದ ಹೆಂಗಸರಿಗೆ ಅದು ಬೇರೆಯಾಗಿ ಕಂಡಿತು. ಮೇರಿ ವುಲ್‌ಸ್ಟನ್‌ಕ್ರಾಫ್ಟ್‌ಳ ಮರಣಾನಂತರ 1798ರಲ್ಲಿ ಪ್ರಕಟವಾದ 'ಮರಿಯಾ' ಕಾದಂಬರಿಯಲ್ಲಿ ಗಂಡ ಆಸ್ತಿಗಾಗಿ ಹೆಂಡತಿಯನ್ನು ಖಾಸಗಿ ಹುಚ್ಚಾಸ್ಪತ್ರೆಗೆ ತಳ್ಳುತ್ತಾನೆ, ಹಸುಗೂಸನ್ನು ಕಿತ್ತುಕೊಳ್ಳುತ್ತಾನೆ. ಇಲ್ಲಿ ಕಲ್ಪನೆಯ ಕೋಟೆ ಬೇಕಾಗಲೇ ಇಲ್ಲ.

ವಿವಾಹಿತೆಯರಿಗೆ ಸ್ವಂತ ಆಸ್ತಿಯ ಹಕ್ಕನ್ನು ವಿಸ್ತಾರವಾಗಿ ಕೊಟ್ಟ ಶಾಸನ ಇಂಗ್ಲೆಂಡಿನಲ್ಲಿ ಬಂದದ್ದು 1882ರಲ್ಲಿ. 1891ರ ಕ್ಲಿದರೋ ಪ್ರಕರಣದಲ್ಲಿ, ಚರ್ಚಿನಿಂದ ಹೊರಬರುತ್ತಿದ್ದ ಹೆಂಡತಿಯನ್ನು ಹಿಡಿದೊಯ್ದು ಮನೆಯಲ್ಲಿಟ್ಟುಕೊಂಡ ಗಂಡನಿಗೆ ಅಂಥ ಹಕ್ಕಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. 'ಉಡಾಲ್ಫೊ' ಬಂದು ಆಗಲೇ 97 ವರ್ಷ ಕಳೆದಿತ್ತು.

ನಿಜವಾದ ಸೆರೆಮನೆಗಳು

ಕಾದಂಬರಿಗಳ ಜೊತೆಗೇ ನಿಜವಾದ ಬಂದಿಗಳ ಕಥೆಗಳೂ ಹರಡಿದವು. ಲತ್ಯೂಡ್ ಎಂಬ ಫ್ರೆಂಚ್ ಕೈದಿ 1756ರಲ್ಲಿ ಸಂಗಡಿಗನೊಂದಿಗೆ ಬಟ್ಟೆಯ ನೂಲಿನಿಂದ ಹೊಸೆದ ಹಗ್ಗಕ್ಕೆ ಸೌದೆಯ ಮೆಟ್ಟಿಲು ಕಟ್ಟಿ ಪ್ಯಾರಿಸ್ಸಿನ ಬಾಸ್ತೀಲ್ ಕೋಟೆಯಿಂದ ಇಳಿದ. ಮತ್ತೆ ಸಿಕ್ಕಿಬಿದ್ದು ಒಟ್ಟಾರೆ ಮೂರು ದಶಕಕ್ಕೂ ಹೆಚ್ಚು ಕಾಲ ಸೆರೆಯಲ್ಲಿ ಕಳೆದ. 1789ರ ಜುಲೈ 14ರಂದು ಜನ ಬಾಸ್ತೀಲಿಗೆ ನುಗ್ಗಿದಾಗ ಒಳಗಿದ್ದ ಕೈದಿಗಳು ಏಳೇ ಮಂದಿ. ಆದರೂ ಆ ಕೋಟೆ ಬಿದ್ದ ಸುದ್ದಿ ಯೂರೋಪನ್ನೇ ಅಲುಗಿಸಿತು. ಜಿನೀವಾ ಸರೋವರದ ದಡದ ಶಿಯೋನ್ ಕೋಟೆಯಲ್ಲಿ 1530ರಿಂದ 1536ರವರೆಗೆ ಸೆರೆಯಲ್ಲಿದ್ದ ಬೋನಿವಾರ್‌ನ ಕಥೆಯನ್ನು ಕವಿ ಬೈರನ್ 1816ರಲ್ಲಿ ಕಾವ್ಯವಾಗಿಸಿದ.

ಹತ್ತೊಂಬತ್ತನೆಯ ಶತಮಾನ

ಜೇನ್ ಆಸ್ಟೆನ್‌ಳ 'ನಾರ್ಥ್ಯಾಂಗರ್ ಅಬಿ' 1817ರ ಕೊನೆಯಲ್ಲಿ ಪ್ರಕಟವಾಗಿ ಈ ಆಶಯವನ್ನು ಅಣಕಿಸಿತು. ಅದರ ನಾಯಕಿ ನಡುರಾತ್ರಿ ಹಳೆಯ ಬೀರುವಿನಲ್ಲಿ ರಹಸ್ಯ ಪತ್ರಗಳೆಂದು ಹಿಡಿದದ್ದು ಬಟ್ಟೆ ಒಗೆಸಿದ ಲೆಕ್ಕದ ಚೀಟಿ. 1842ರಲ್ಲಿ ಅಮೆರಿಕದ ಎಡ್ಗರ್ ಆಲನ್ ಪೋ 'ಕೂಪ ಮತ್ತು ಲೋಲಕ' ಕಥೆಯಲ್ಲಿ ಸೆರೆಯಾಳನ್ನು ಕಗ್ಗತ್ತಲ ಕೋಣೆಯೊಂದಕ್ಕೆ ಇಳಿಸಿ, ಗೋಡೆಯನ್ನು ಹೆಜ್ಜೆಯಲ್ಲಿ ಅಳೆಯುವ ಮನಸ್ಸಿನ ಯಾತನೆಯನ್ನೇ ಕಥೆಯಾಗಿಸಿದ. 1847ರ 'ಜೇನ್ ಏರ್'ನಲ್ಲಿ ಶಾರ್ಲಟ್ ಬ್ರಾಂಟೆ ಕೋಟೆಯನ್ನು ಇಂಗ್ಲಿಷ್ ಜಮೀನ್ದಾರನ ಮನೆಯಾಗಿ ಬದಲಿಸಿದಳು. ಅದರ ಮೂರನೆಯ ಅಂತಸ್ತಿನಲ್ಲಿ ಬೀಗದೊಳಗಿರುವ ಅವನ ಹೆಂಡತಿ, ಜಮೈಕಾದ ಬರ್ಥಾಳಿಗೆ ಕಾದಂಬರಿಯಲ್ಲಿ ಮಾತೇ ಇಲ್ಲ. ಅವಳಿಗೆ ಮಾತು ಬರಲು ಜೀನ್ ರೀಸ್‌ಳ 1966ರ 'ವೈಡ್ ಸರ್ಗಾಸೊ ಸೀ'ವರೆಗೆ ಕಾಯಬೇಕಾಯಿತು.

ಡ್ರಾಕುಲಾನ ಕೋಟೆ

ಐರ್ಲೆಂಡಿನ ಬ್ರಾಮ್ ಸ್ಟೋಕರ್ ಟ್ರಾನ್ಸಿಲ್ವೇನಿಯಾವನ್ನು ಕಣ್ಣಾರೆ ನೋಡಿರಲಿಲ್ಲ. ಆದರೂ ಅಲ್ಲಿನ ಕೋಟೆಯನ್ನು ಚಿತ್ರಿಸಿದ 1897ರ ಆತನ ಕಾದಂಬರಿ 'ಡ್ರಾಕುಲಾ'ದಲ್ಲಿ ಈ ಆಶಯ ತುತ್ತತುದಿ ಮುಟ್ಟಿತು. ಇಲ್ಲಿ ಸೆರೆಯಾಳು ಗಂಡಸು, ಅದರಲ್ಲೂ ವಕೀಲಿ ವೃತ್ತಿಯವನು. ಆಸ್ತಿ ಖರೀದಿಯ ಕಾಗದಪತ್ರ ಹಿಡಿದು ಬಂದ ಜೊನಾಥನ್ ಹಾರ್ಕರ್ ಕೆಲವೇ ದಿನಗಳಲ್ಲಿ ಕೋಟೆಯ ಬಾಗಿಲುಗಳೆಲ್ಲ ಮುಚ್ಚಿರುವುದನ್ನು ಕಾಣುತ್ತಾನೆ. ಒಂದು ದಿನ ಕೌಂಟ್ ಡ್ರಾಕುಲಾ ಅತಿ ವಿನಯದಿಂದ ಅವನ ಕೈಯಲ್ಲಿ ಮೂರು ಕಾಗದ ಬರೆಸುತ್ತಾನೆ: ಕೆಲಸ ಮುಗಿಯುತ್ತ ಬಂತು, ನಾಳೆ ಹೊರಡುತ್ತೇನೆ, ಕೋಟೆ ಬಿಟ್ಟು ಊರು ತಲುಪಿದೆ. ತಾರೀಖುಗಳು ಜೂನ್ 12, 19 ಮತ್ತು 29. ಬರೆಸುತ್ತಿರುವುದು ಮೇ ತಿಂಗಳಲ್ಲಿ. ತನ್ನ ಆಯುಸ್ಸಿನ ಕೊನೆಯ ದಿನವನ್ನು ಹಾರ್ಕರ್ ತಾನೇ ಬರೆದುಕೊಡಬೇಕಾಗುತ್ತದೆ.

ಅವನು ಅಲೆಮಾರಿಗಳ ಕೈಗೆ ಕಳ್ಳತನದಿಂದ ಕೊಟ್ಟ ಪತ್ರಗಳೂ ಕೌಂಟನ ಕೈ ಸೇರುತ್ತವೆ. ಶೀಘ್ರಲಿಪಿಯಲ್ಲಿದ್ದದ್ದನ್ನು ಓದಲಾಗದ ಕೌಂಟ್ ಅದನ್ನು ದೀಪಕ್ಕೆ ಹಿಡಿದು ಸುಡುತ್ತಾನೆ. ಆಮೇಲೆ ಹಾರ್ಕರನ ಪ್ರಯಾಣದ ಉಡುಪೂ ಕಾಗದಗಳೂ ಮಾಯವಾಗುತ್ತವೆ. ಜೂನ್ 25ರಂದು ಅವನು ಬೂಟು ಕಳಚಿ, ಕಿಟಕಿಯಿಂದ ಹೊರಬಿದ್ದು, ಕಲ್ಲುಗಳ ಸಂದಿನಲ್ಲಿ ಕಾಲೂರುತ್ತ ಕೌಂಟನ ಕೋಣೆಗೆ ಹೋಗುತ್ತಾನೆ. ಅಲ್ಲಿ ಧೂಳು ಹಿಡಿದ ಚಿನ್ನದ ರಾಶಿ. ಸುರಂಗದಾಚೆಯ ಪಾಳು ಪ್ರಾರ್ಥನಾಮಂದಿರದಲ್ಲಿ ಮಣ್ಣು ತುಂಬಿದ 50 ಪೆಟ್ಟಿಗೆಗಳು. ಬೇಕಿದ್ದ ಬೀಗದ ಕೈ ಮಾತ್ರ ಇಲ್ಲ. ಗೋಡೆ ಹಿಡಿದು ಇಳಿದೇ ತೀರುತ್ತೇನೆ ಎಂಬ ನಿರ್ಧಾರಕ್ಕೆ ದಿನಚರಿ ನಿಲ್ಲುತ್ತದೆ. ಹೇಗೆ ಇಳಿದ ಎಂಬುದನ್ನು ಸ್ಟೋಕರ್ ಹೇಳುವುದೇ ಇಲ್ಲ. ಮುಂದೆ ಬುಡಾಪೆಸ್ಟಿನ ಆಸ್ಪತ್ರೆಯಿಂದ ಬಂದ ಕಾಗದ ಅವನು ಬದುಕಿದ್ದಾನೆಂದು ತಿಳಿಸುತ್ತದೆ: ರೈಲು ನಿಲ್ದಾಣಕ್ಕೆ ನುಗ್ಗಿ ಊರಿಗೆ ಟಿಕೇಟು ಕೊಡಿ ಎಂದು ಅರಚಿದನಂತೆ. ಕೋಟೆಯಿಂದ ದೇಹ ಹೊರಬಂದರೂ ಮನಸ್ಸು ಹೊರಬರಲು ತಡವಾಗುತ್ತದೆ ಎಂಬುದನ್ನು ಈ ವಿವರದಷ್ಟು ಚೆನ್ನಾಗಿ ತೋರಿಸಿದ್ದು ಈ ಪರಂಪರೆಯಲ್ಲಿ ಅಪರೂಪ.

ನಂತರದ ಕಾಲ

1922ರ ಜರ್ಮನ್ ಮೂಕಿಚಿತ್ರ 'ನೋಸ್ಫೆರಾಟು' ಈಗಿನ ಸ್ಲೊವಾಕಿಯಾದ ಒರಾವಾ ಕೋಟೆಯನ್ನು ಬಳಸಿಕೊಂಡು ಡ್ರಾಕುಲಾನ ಕಥೆಯನ್ನು ತೆರೆಗೆ ತಂದಿತು. 1979ರಲ್ಲಿ ಏಂಜೆಲಾ ಕಾರ್ಟರ್ 'ರಕ್ತದ ಕೋಣೆ' ಕಥೆಯಲ್ಲಿ ಫ್ರೆಂಚ್ ಲೇಖಕ ಪೆರೋ 1697ರಲ್ಲಿ ಪ್ರಕಟಿಸಿದ, ಹೆಂಡತಿಯರನ್ನು ಕೊಲ್ಲುವ ನೀಲಿಗಡ್ಡದವನ ಕಥೆಯನ್ನು ತಿರುಗಿಸಿ ಹೇಳಿದಳು. ಪೆರೋನಲ್ಲಿ ಸಿಕ್ಕಿಬಿದ್ದ ಹೆಂಡತಿಯನ್ನು ಬಿಡಿಸಲು ಅವಳ ಅಣ್ಣಂದಿರು ಓಡಿಬಂದರೆ, ಕಾರ್ಟರ್‌ಳಲ್ಲಿ ಕುದುರೆಯೇರಿ ಬಂದು ಗುಂಡು ಹಾರಿಸಿ ಬಿಡಿಸುವವಳು ಹೆತ್ತ ತಾಯಿ.

ಕನ್ನಡದ ನೆಲೆಯಲ್ಲಿ

ಏಳು ಸಮುದ್ರದಾಚೆಯ ಕೋಟೆ, ರಾಕ್ಷಸನ ಸೆರೆಯಲ್ಲಿ ರಾಜಕುಮಾರಿ, ಗಿಳಿಯೊಳಗೆ ರಾಕ್ಷಸನ ಜೀವ: ಕನ್ನಡದ ಅಜ್ಜಿಕಥೆಗಳಿಗೆ ಇದು ಹೊಸದಲ್ಲ. ಆದರೆ ಅಲ್ಲಿ ಕಥೆ ರಾಜಕುಮಾರನ ಬೆನ್ನು ಹಿಡಿದು ಹೊರಗಿನಿಂದ ಒಳಗೆ ಬರುತ್ತದೆ. ಗೋಥಿಕ್ ಕಥೆ ಸೆರೆಯಾಳಿನ ಜೊತೆ ಒಳಗಿನಿಂದ ಹೊರಗೆ ತಡಕಾಡುತ್ತದೆ. ಅಜ್ಜಿಕಥೆಯ ರಾಜಕುಮಾರಿಯೂ ಸುಮ್ಮನೆ ಕೂತವಳಲ್ಲ, ರಾಕ್ಷಸನನ್ನು ಮಾತಿಗೆಳೆದು ಗಿಳಿಯ ಗುಟ್ಟನ್ನು ಹೊರಡಿಸುವವಳು ಅವಳೇ.

2004ರ 'ಆಪ್ತಮಿತ್ರ' ಚಿತ್ರದಲ್ಲಿ ಗೋಥಿಕ್ ಲಕ್ಷಣಗಳು ಢಾಳಾಗಿವೆ. ಅರಸ ತಂದಿಟ್ಟುಕೊಂಡ ನರ್ತಕಿ ನಾಗವಲ್ಲಿ, ಅವಳ ಹೆಸರಿನ ಬೀಗ ಹಾಕಿದ ಕೋಣೆ, ಅದನ್ನು ತೆರೆದ ಮೇಲೆ ತಾನೇ ನಾಗವಲ್ಲಿಯಾಗುವ ಗಂಗಾ. ಕೊನೆಗೆ ದೆವ್ವವನ್ನು ಮನೋರೋಗವೆಂದು ಬಿಡಿಸಿ ಹೇಳುವ ವೈದ್ಯ. ರ‍್ಯಾಡ್‌ಕ್ಲಿಫ್‌ಳ ಕ್ರಮವೂ ಇದೇ ಆಗಿತ್ತು. ಈ ಚಿತ್ರದ ಮೂಲ 1993ರ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್'. ಆ ಹೆಸರಿನ ಅರ್ಥ ಚಿತ್ತಾರದ ಬೀಗ.