ಕಲನಶಾಸ್ತ್ರದ ಹೊಸ್ತಿಲಲ್ಲಿ ನಮ್ಮ ಹಳ್ಳಿಯ ಮಕ್ಕಳು

ದೇವಾಲಯವೊಂದರ ನೂರು ವರ್ಷಗಳ ಚರಿತ್ರೆಯು ಅದರ ಸುತ್ತಲಿನ ಜನರ ವಿದ್ಯಾಭ್ಯಾಸದ ಚರಿತ್ರೆಯೂ ಹೌದು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ನಮ್ಮ ಹಿರಿಯರಲ್ಲಿ ಬಹುಮಂದಿಗೆ ಮುಲ್ಕಿ ಪರೀಕ್ಷೆಯೇ ವಿದ್ಯೆಯ ಕೊನೆಯ ಮೆಟ್ಟಿಲಾಗಿತ್ತು. ಮುಂಬಯಿ ಪ್ರಾಂತದ ಆ ದಿನಗಳಲ್ಲಿ ಮ್ಯಾಟ್ರಿಕ್ ದಾಟಿ, 1917ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕರ್ನಾಟಕ ಕಾಲೇಜಿನಂತಹ ಸಂಸ್ಥೆಯನ್ನು ಸೇರಿದ ಕೆಲವರಿಗಷ್ಟೇ ಕಲನಶಾಸ್ತ್ರದ ದರ್ಶನವಾಗುತ್ತಿತ್ತು. ಇಂದು ಅದು ಹದಿನಾರರ ಹರೆಯದ ಪದವಿಪೂರ್ವ ವಿದ್ಯಾರ್ಥಿಯ ಭೌತಶಾಸ್ತ್ರದ ಪುಸ್ತಕದಲ್ಲಿಯೇ ಇದೆ.

ಆದರೆ ಇಲ್ಲೊಂದು ತೊಡಕನ್ನು ನಾವು ಕಾಣುತ್ತೇವೆ. ಪ್ರಥಮ ವರ್ಷದ ಭೌತಶಾಸ್ತ್ರವು ಆರಂಭದ ಪಾಠಗಳಲ್ಲಿಯೇ ಕ್ಷಣಿಕ ವೇಗವನ್ನು ಅವಕಲನದಿಂದ ವಿವರಿಸುತ್ತದೆ. ಗಣಿತದಲ್ಲಿ ಅವಕಲನವು ಬರುವುದು ಪುಸ್ತಕದ ಕೊನೆಯ ಭಾಗದಲ್ಲಿ. ಬದಲಾಗುವ ಬಲವು ಮಾಡುವ ಕೆಲಸಕ್ಕೆ ಅನುಕಲನವು ಅದೇ ವರ್ಷ ಬೇಕು. ಗಣಿತದಲ್ಲಿ ಅದರ ಪಾಠ ಎರಡನೆಯ ವರ್ಷಕ್ಕೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಗುವಿಗೆ ಇವೆಲ್ಲವೂ ಬಹುತೇಕ ಇಂಗ್ಲಿಷಿನಲ್ಲಿಯೇ ಎದುರಾಗುತ್ತವೆ. ಎಡವಿದ ಮಗು ತಾನೇ ದಡ್ಡನೆಂದು ಭಾವಿಸಿ ವಿಜ್ಞಾನವನ್ನೇ ತೊರೆಯುತ್ತದೆ.

ವಾಸ್ತವವಾಗಿ ಈ ವಿದ್ಯೆಯ ಬೀಜವು ಒಂಬತ್ತನೆಯ ತರಗತಿಯಲ್ಲಿಯೇ ಬಿತ್ತಲ್ಪಟ್ಟಿರುತ್ತದೆ. ಅಣ್ಣಿಗೇರಿ ನಿಲ್ದಾಣದಿಂದ ಹೊರಟ ರೈಲಿನ ವೇಗವು 40 ಸೆಕೆಂಡುಗಳಲ್ಲಿ ಸಮನಾಗಿ ಏರುತ್ತ ಸೆಕೆಂಡಿಗೆ 20 ಮೀಟರಿಗೆ ಮುಟ್ಟಿತೆನ್ನೋಣ. ವೇಗ-ಕಾಲ ನಕ್ಷೆಯಲ್ಲಿ ಮೂಡುವ ತ್ರಿಕೋನದ ಕ್ಷೇತ್ರಫಲ 400. ರೈಲು ಕ್ರಮಿಸಿದ ದೂರವೂ 400 ಮೀಟರು. ವೇಗವು ಸಮನಾಗಿ ಏರದಿದ್ದರೆ ಗೆರೆ ಬಾಗುತ್ತದೆ. ಆಗ, ಡೊಂಕು ಬದುವಿನ ಹೊಲವನ್ನು ಕಿರಿದಾದ ಪಟ್ಟಿಗಳಾಗಿ ಅಳೆದು ಕೂಡಿಸುವಂತೆ ಕ್ಷೇತ್ರಫಲವನ್ನು ಕೂಡಿಸಬೇಕು. ಪಟ್ಟಿಗಳನ್ನು ಮತ್ತೆ ಮತ್ತೆ ಕಿರಿದುಗೊಳಿಸುತ್ತ ಹೋದರೆ ಅದೇ ಅನುಕಲನ.

ಈ ನಕ್ಷೆಯ ವಿಚಾರವನ್ನು ಹದಿನಾಲ್ಕನೆಯ ಶತಮಾನದಲ್ಲಿಯೇ ಬೆಳೆಸಿದವರು ಫ್ರಾನ್ಸಿನ ನಿಕೊಲ್ ಒರೆಮ್. 1377ರಲ್ಲಿ ಅವರು ಲಿಸಿಯೂ ನಗರದ ಬಿಷಪರಾದರು. ಅರಿಸ್ಟಾಟಲನ ಗ್ರಂಥಗಳನ್ನು ಫ್ರೆಂಚ್ ನುಡಿಗೆ ತಂದವರೂ ಅವರೇ. ನಮ್ಮ ನೆರೆಯ ಕೇರಳದಲ್ಲಿ ಹದಿನಾರನೆಯ ಶತಮಾನದ ಜ್ಯೇಷ್ಠದೇವನು ಅನಂತ ಶ್ರೇಣಿಗಳ ಉಪಪತ್ತಿಗಳನ್ನು ಮಲಯಾಳದ 'ಯುಕ್ತಿಭಾಷಾ'ದಲ್ಲಿ ವಿವರಿಸಿದನು. ನ್ಯೂಟನ್, ಲೈಬ್ನಿಟ್ಸರು ಕಲನಶಾಸ್ತ್ರಕ್ಕೆ ರೂಪಕೊಟ್ಟ ಮೇಲೆ, ಮಿಲಾನಿನ ಮರಿಯಾ ಗಯೆಟಾನಾ ಅನ್ಯೇಸಿ 1748ರಲ್ಲಿ ಅದರ ಪಠ್ಯವನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಲ್ಯಾಟಿನ್ನಿನಲ್ಲಲ್ಲ, ಯುವಕರಿಗೆ ಎಟುಕುವ ಇಟಾಲಿಯನ್ ನುಡಿಯಲ್ಲಿ. ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು 1750ರಲ್ಲಿ ಅವರನ್ನು ಬೊಲೋನ್ಯ ವಿಶ್ವವಿದ್ಯಾನಿಲಯದ ಪೀಠಕ್ಕೆ ನೇಮಿಸಿದರು. ಆದರೆ ಆ ಮಹಾತಾಯಿ ತಮ್ಮ ಉಳಿದ ಬಾಳನ್ನು ದೀನರ, ರೋಗಿಗಳ ಸೇವೆಗೆ ಮುಡಿಪಿಟ್ಟರು.

ಕನ್ನಡಕ್ಕೂ ಇಂತಹ ಪರಂಪರೆಯುಂಟು. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ಬೆಂಗಳೂರಿನಿಂದ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದ್ದರು. 2016ರಲ್ಲಿ ನಮ್ಮ ಜಿಲ್ಲೆಗೇ ಐ.ಐ.ಟಿ. ಬಂದಿತು. ಅದರ ಪ್ರವೇಶದ ಮೊದಲ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲಿಯೂ ಬರೆಯಬಹುದಾಗಿದೆ; ಎರಡನೆಯದಾದ 'ಅಡ್ವಾನ್ಸ್ಡ್' ಪರೀಕ್ಷೆ ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ. ಬಾಗಿಲು ಮನೆಯ ಹತ್ತಿರ ಬಂದರೂ ಹೊಸ್ತಿಲು ಎತ್ತರವಾಗಿಯೇ ಉಳಿದಿದೆ.

ಆದುದರಿಂದ ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಬೇಸಗೆಯ ಬಿಡುವಿನಲ್ಲಿ, ಬಲ್ಲವರು ಊರ ಮಕ್ಕಳನ್ನು ಕೂರಿಸಿಕೊಂಡು ಈ ನಕ್ಷೆ, ಈ ಪಟ್ಟಿಗಳ ಲೆಕ್ಕವನ್ನು ಕನ್ನಡದಲ್ಲಿ ತಿಳಿಸಿಕೊಟ್ಟರೆ ಅದೇ ದೊಡ್ಡ ಸೇವೆ. ಕರಿಹಲಗೆಯೊಂದು, ತಾಳ್ಮೆಯ ಗುರುವೊಬ್ಬರು ಇದ್ದರೆ ಸಾಕು. ಶತಮಾನೋತ್ಸವದ ಈ ಶುಭವೇಳೆಯಲ್ಲಿ ನಮ್ಮ ಧರ್ಮಕೇಂದ್ರವು ಜಾತಿಮತಗಳ ಭೇದವೆಣಿಸದೆ ಅಂತಹ ಮೆಟ್ಟಿಲೊಂದನ್ನು ಕಟ್ಟಲಿ, ಸರ್ವಜ್ಞನಾದ ದೇವರು ಆ ಕಾರ್ಯವನ್ನು ಹರಸಲಿ ಎಂದು ಪ್ರಾರ್ಥಿಸುತ್ತೇವೆ.